ನಳಿಗೆಗೇ ಕಚ್ಚಿಸುವ ಬೈಪಾಡ್: ಸೆಮಿ ಆಟೋ ರೈಫಲ್‌ನ ಗುರಿ ಕೆಡುತ್ತದಾ?

ಕಾಪು ಬೀಚ್

ಎಲ್ಲರಿಗೂ ನಮಸ್ಕಾರ. ಕೋವಿ ವಿಷಯ ಇಲ್ಲಿ ಬರುವುದೇ ಅಪರೂಪ, ಬಂದರೂ ಲೈಸೆನ್ಸ್ ನವೀಕರಣದ ಗೋಳೇ ಜಾಸ್ತಿ. ಇದು ಸ್ವಲ್ಪ ಬೇರೆ.

ನಮ್ಮ ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಅವರ ಹತ್ತಿರ ಒಂದು ಎಆರ್-15 ರೈಫಲ್ ಉಂಟು, ಸೆಮಿ ಆಟೋಮ್ಯಾಟಿಕ್, ಅಂದರೆ ಟ್ರಿಗರ್ ಒತ್ತಿದ ಸಲಕ್ಕೆ ಒಂದು ಗುಂಡು, ಮುಂದಿನದು ತಾನಾಗಿ ಲೋಡ್ ಆಗುತ್ತದೆ. 20 ಇಂಚಿನ ತೆಳು ನಳಿಗೆ, ಮೇಲೆ ಸ್ಕೋಪ್. ಶನಿವಾರ ಬಂತೆಂದರೆ ರೇಂಜಿಗೆ ಹೊರಟರು ಅಂತಲೇ ಲೆಕ್ಕ, ಅಕ್ಕನಿಗೆ ಅದೇ ತಲೆಬಿಸಿ. ಈಗ ಎಲ್ಲೋ ಅಗ್ಗಕ್ಕೆ ಸಿಕ್ಕಿತು ಅಂತ ಹಳೆ ಮಾದರಿಯ ಬೈಪಾಡ್, ಅಂದರೆ ರೈಫಲಿನ ಮುಂಭಾಗ ನಿಲ್ಲಿಸುವ ಎರಡು ಕಾಲಿನ ಸ್ಟ್ಯಾಂಡ್, ತಂದಿದ್ದಾರೆ. ಸ್ಕ್ರೂ ಇಲ್ಲ, ಸಿಕ್ಕಿಸುವ ರೈಲ್ ಪಟ್ಟಿ ಇಲ್ಲ, ಸ್ಪ್ರಿಂಗ್ ಬಾಯಿ ಅಗಲಿಸಿ ನೇರ ನಳಿಗೆಗೇ ಕಚ್ಚಿಸುವುದು.

ಸಮಸ್ಯೆ ಎಂತ ಅಂದರೆ, ಮೊದಲು ಮೇಜಿನ ಮೇಲೆ ಹೊಯ್ಗೆ ಚೀಲ ಇಟ್ಟು ಜೀರೋ ಮಾಡಿದ್ದರು, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿದ್ದರು. ಆಗ ಸರಿಯಾಗಿ ಬೀಳುತ್ತಿತ್ತು. ಬೈಪಾಡ್ ಹಾಕಿ ಅದೇ 100 ಗಜಕ್ಕೆ ಹೊಡೆದರೆ ಎಲ್ಲ ಗುಂಡುಗಳೂ ನಾಲ್ಕು ಬೆರಳು ಮೇಲೆ ಬೀಳುತ್ತಿವೆ. ಅಷ್ಟೇ ಅಲ್ಲ, ಬೇಗ ಬೇಗ ಹೊಡೆದರೆ ತೂತುಗಳು ಮೇಲೆ ಕೆಳಗೆ ಗೆರೆ ಎಳೆದ ಹಾಗೆ ಸಾಲಾಗುತ್ತವೆ. ಭಾವ ತೋಟೆಯನ್ನು ಬೈಯುತ್ತಿದ್ದಾರೆ, ನನಗೆ ಬೈಪಾಡ್ ಮೇಲೆ ಸಂಶಯ. ಇಲ್ಲಿ ಸೈನ್ಯದಲ್ಲಿ ಇದ್ದವರು, ಶೂಟಿಂಗ್ ಮಾಡುವವರು ಇದ್ದೀರಲ್ಲ, ಒಂಚೂರು ಹೇಳಿ.

ನಿರ್ವಾಹಕ

ಚರ್ಚೆ ಚೆನ್ನಾಗಿದೆ, ನಡೆಯಲಿ. ಆದರೆ ಯಾರೂ "ಇಲ್ಲಿ ಎಆರ್ ಎಲ್ಲಿ ಸಿಗುತ್ತದೆ" ಅಂತ ಶುರು ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿಗೆ ಅಂಥ ರೈಫಲ್ ಸಿಗುವುದಿಲ್ಲ. ಖರೀದಿ, ಮಾರಾಟದ ಮಾತು ಬಂದರೆ ಪೋಸ್ಟ್ ತೆಗೆಯುತ್ತೇನೆ.

ತೋಟದ ಮನೆ, ಬೆಳ್ತಂಗಡಿ

ನಮ್ಮ ಅಜ್ಜನ ಕಾಲದ ಜೋಡುನಳಿಗೆ ತೋಟೆಕೋವಿಗೆ ಬೈಪಾಡ್ ಹಾಕಿದರೆ ಹೇಗೆ 😄 ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ ಇಡಲೇಬೇಕು, ಅಲ್ಲಾದರೂ ನೆಟ್ಟಗೆ ನಿಂತುಕೊಂಡಿರುತ್ತದೆ.

ನಿವೃತ್ತ ಸುಬೇದಾರ್, ಕಾರ್ಕಳ

ಕಾಪು ಬೀಚ್ ಅವರೇ, ಬೈಪಾಡನ್ನು ಬೈಯುವ ಮೊದಲು ಸ್ವಲ್ಪ ಯೋಚಿಸಿ.

ನಾನು ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಹಿಡಿದ ಕಾಲದವನು. ಅದೂ ಸೆಮಿ ಆಟೋನೇ, 7.62 ಮಿ.ಮೀ. ಗುಂಡಿನದ್ದು. ನಮ್ಮಲ್ಲಿ ಅದಕ್ಕೆ ಬೈಪಾಡ್ ಇರಲಿಲ್ಲ, ಆದರೆ ಅದೇ ಜಾತಿಯ ಎಫ್‌ಎನ್ ಫಾಲ್ ರೈಫಲನ್ನು ಜರ್ಮನಿಯವರು ಜಿ1 ಅಂತ ತಗೊಂಡಾಗ ಮುಂದೆ ಮಡಚುವ ಬೈಪಾಡ್ ಸಮೇತ ತಗೊಂಡರು. ಕೆನಡಾದವರ ಸಿ2, ಆಸ್ಟ್ರೇಲಿಯಾದವರ ಎಲ್2ಎ1, ಎಲ್ಲ ಅದೇ ರೈಫಲ್, ದಪ್ಪ ನಳಿಗೆ, ಮುಂದೆ ಎರಡು ಕಾಲು. ನಮ್ಮ ಇನ್ಸಾಸ್ ಎಲ್‌ಎಂಜಿಗೂ (ಲೈಟ್ ಮಷಿನ್ ಗನ್) ಕಾಲು ಮುಂದೆಯೇ. ಇಷ್ಟೆಲ್ಲ ಸೈನ್ಯದವರು ಹುಚ್ಚರಾ?

ನೆಲದಲ್ಲಿ ಮಲಗಿ ಏದುಸಿರು ಬಿಡುತ್ತಾ ಹೊಡೆಯುವವನಿಗೆ ಮೊದಲ ಶತ್ರು ಅವನ ಕೈ, ಅವನ ಉಸಿರು. ಎರಡು ಕಾಲು ಕೊಟ್ಟರೆ ಅದರಲ್ಲಿ ಮುಕ್ಕಾಲು ಪಾಲು ನಿಲ್ಲುತ್ತದೆ. 300 ಮೀಟರಿನಲ್ಲಿ ಮನುಷ್ಯನಷ್ಟು ದೊಡ್ಡ ಟಾರ್ಗೆಟ್‌ಗೆ ನಾಲ್ಕು ಬೆರಳಿನ ಲೆಕ್ಕ ಯಾರಿಗೆ ಬೇಕು? ಭಾವ ಕಾಗದದಲ್ಲಿ ತೂತು ಎಣಿಸುವವರು, ಅವರ ಚಿಂತೆ ಬೇರೆ.

ಕುಂದಾಪ್ರ ಗಾಳಿ

ಸುಬೇದಾರ್ ಸಾಹೇಬ್ರು ಹೇಳಿದ್ದು ಸರಿ. ಎಂತ ಮರ್ರೆ, ಉಕ್ಕಿನ ನಳಿಗೆ ಅದು, ಎರಡು ಕಾಲು ಕೊಟ್ಟ ಕೂಡಲೇ ಬಾಗಲಿಕ್ಕೆ ಅಡಿಕೆ ಸಲಾಕೆಯಾ? ಸೆಮಿ ಆಟೋದಲ್ಲಿ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳುವ ಉಕ್ಕಿನ ತುಂಡು) ಹಿಂದೆ ಮುಂದೆ ಓಡುತ್ತದಲ್ಲ, ಆ ಕುಲುಕಾಟಕ್ಕೇ ಗುರಿ ತಪ್ಪುವುದು. ಭಾವನಿಗೆ ಕೈಯಲ್ಲಿ ಎಳೆಯುವ ಬೋಲ್ಟ್ ಆಕ್ಷನ್ ತಗೊಳ್ಳಲಿಕ್ಕೆ ಹೇಳಿ, ಮುಗಿಯಿತು.

ಸುರತ್ಕಲ್ ಮೆಕ್ಯಾನಿಕಲ್

ಉಕ್ಕು ಬಾಗುವುದಿಲ್ಲ ಅನ್ನುವವರಿಗೆ ಒಂದು ಲೆಕ್ಕ. ಎರಡನೇ ವರ್ಷದಲ್ಲಿ ಎಲ್ಲ ಮೆಕ್ಯಾನಿಕಲ್ ಮಕ್ಕಳೂ ಮಾಡುವ ಲೆಕ್ಕವೇ.

ನಳಿಗೆ ಅಂದರೆ ಒಂದು ತುದಿ ರಿಸೀವರಿನಲ್ಲಿ (ಬೋಲ್ಟ್ ಇರುವ ರೈಫಲಿನ ನಡುಭಾಗ) ಬಿಗಿಯಾಗಿ ಕೂತು ಇನ್ನೊಂದು ತುದಿ ಗಾಳಿಯಲ್ಲಿರುವ ತೊಲೆ. ಗಾಳದ ಕೋಲಿನ ಬುಡ ಹಿಡಿದು ನಡುವಿನಲ್ಲಿ ಬೆರಳಿಟ್ಟು ಎತ್ತಿ ನೋಡಿ, ತುದಿ ಎತ್ತ ಮುಖ ಮಾಡುತ್ತದೆ ಅಂತ. ಬೈಪಾಡ್ ಮಾಡುವುದು ಅದೇ ಕೆಲಸ, ಅಳತೆ ಚಿಕ್ಕದು ಅಷ್ಟೇ.

ನಳಿಗೆಯ ಹೊರ ವ್ಯಾಸ 16 ಮಿ.ಮೀ., ಒಳ ತೂತು 5.6 ಮಿ.ಮೀ., ಬೈಪಾಡ್ ಕಚ್ಚಿದ ಜಾಗ ರಿಸೀವರಿನಿಂದ 35 ಸೆಂ.ಮೀ. ಮುಂದೆ ಅಂತ ಇಟ್ಟುಕೊಳ್ಳಿ. ಸ್ಕೋಪ್ ಸೇರಿ ರೈಫಲ್ 4 ಕಿಲೋ ಇದ್ದರೆ ಅರ್ಧ ಭಾರ, ಅಂದರೆ 2 ಕಿಲೋ, ಕಾಲಿನ ಮೇಲೆ ಬೀಳುತ್ತದೆ. ಆ 2 ಕಿಲೋ ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಉಕ್ಕಿನ ಗಟ್ಟಿತನ 200 ಗಿಗಾಪಾಸ್ಕಲ್ ಹಾಕಿ ಲೆಕ್ಕ ಮಾಡಿದರೆ ಕಚ್ಚಿದ ಜಾಗ ಏಳುವುದು ಅರ್ಧ ಮಿಲಿಮೀಟರಿಗೂ ಕಡಿಮೆ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ತುದಿ ಸುಮಾರು 2 ಮಿಲಿರೇಡಿಯನ್ ಮೇಲಕ್ಕೆ ಮುಖ ಮಾಡುತ್ತದೆ. ಒಂದು ಮಿಲಿರೇಡಿಯನ್ ಅಂದರೆ 100 ಮೀಟರಿಗೆ 10 ಸೆಂ.ಮೀ. ಹಾಗಾದರೆ 20 ಸೆಂ.ಮೀ.!

ನಿಜವಾದ ನಳಿಗೆ ಹಿಂಬದಿಯಲ್ಲಿ ದಪ್ಪ ಇರುತ್ತದೆ, ಅದಕ್ಕೆ ಇಷ್ಟು ಬರುವುದಿಲ್ಲ. ಮತ್ತೆ ಭಾವ ಮೊದಲು ಜೀರೋ ಮಾಡಿದಾಗಲೂ ಹೊಯ್ಗೆ ಚೀಲದ ಒತ್ತಡ ಹ್ಯಾಂಡ್‌ಗಾರ್ಡ್ (ನಳಿಗೆಯ ಸುತ್ತ ಕೈ ಹಿಡಿಯುವ ಕವಚ) ಮೂಲಕ ಸ್ವಲ್ಪ ನಳಿಗೆಗೆ ಬಂದೇ ಇರುತ್ತದೆ. ಅವೆರಡರ ವ್ಯತ್ಯಾಸ ಮಾತ್ರ ಕಾಗದದಲ್ಲಿ ಕಾಣುವುದು. ನಾಲ್ಕು ಬೆರಳು ಮೇಲೆ ಅಂದರೆ ನನಗೆ ಆಶ್ಚರ್ಯ ಏನಿಲ್ಲ.

ದಪ್ಪ ನಳಿಗೆಯ ವಿಷಯ ಸುಬೇದಾರ್ ಸರ್ ತಾವೇ ಹೇಳಿದ್ದಾರೆ ನೋಡಿ. 16 ಮಿ.ಮೀ. ಬದಲು 19 ಮಿ.ಮೀ. ಮಾಡಿದರೆ ಗಟ್ಟಿತನ ಎರಡು ಪಟ್ಟು ಆಗುತ್ತದೆ, ಯಾಕೆಂದರೆ ವ್ಯಾಸದ ನಾಲ್ಕನೇ ಘಾತ ಲೆಕ್ಕಕ್ಕೆ ಬರುವುದು. ಬೈಪಾಡನ್ನು 35 ಸೆಂ.ಮೀ.ನಿಂದ 23 ಸೆಂ.ಮೀ.ಗೆ ಹಿಂದೆ ತಂದರೆ ತುದಿಯ ಓರೆ ಅರ್ಧಕ್ಕಿಂತ ಕಡಿಮೆ. ಸಿ2, ಎಲ್2ಎ1ಗಳಿಗೆ ದಪ್ಪ ನಳಿಗೆ ಹಾಕಿದ್ದು ಮುಖ್ಯವಾಗಿ ಬಿಸಿ ತಡೆಯಲಿಕ್ಕೆ, ಆದರೆ ಬೈಪಾಡಿಗೂ ಅದು ಒಳ್ಳೆಯದೇ ಆಯಿತು.

ಹತ್ತು ಮೀಟರ್

ಮಂಗಳೂರಿನಲ್ಲಿ ಏರ್ ರೈಫಲ್ ಹೊಡೆಯುವವಳು, ಮಕ್ಕಳಿಗೂ ಸ್ವಲ್ಪ ಹೇಳಿಕೊಡುತ್ತೇನೆ. ನಮ್ಮಲ್ಲಿ ಬೈಪಾಡ್ ಎಂಬ ಮಾತೇ ಇಲ್ಲ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಗಳಲ್ಲಿ ಬಿಡುವುದಿಲ್ಲ. ಆದರೆ ನಳಿಗೆ ಮುಟ್ಟಬಾರದು ಎಂಬ ಪಾಠ ನಮಗೆ ಮೊದಲ ದಿನವೇ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಅಲ್ಲಿ ಸುಮ್ನೆ ತಾಗಿದರೂ ಗೊತ್ತಾಗುತ್ತದೆ. 50 ಮೀಟರ್ ಪ್ರೋನ್‌ನಲ್ಲಿ (ಮಲಗಿ ಹೊಡೆಯುವುದು) ಸ್ಲಿಂಗ್, ಅಂದರೆ ತೋಳಿನ ಪಟ್ಟಿ, ಕಟ್ಟುತ್ತಾರಲ್ಲ, ಅದನ್ನೂ ಸ್ಟಾಕಿನ ಕೆಳಗಿನ ರೈಲಿಗೆ ಹಾಕುತ್ತಾರೆ, ನಳಿಗೆಗೆ ಅಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೂ ನೆನಪಿರಬಹುದು, .22 ಹೊಡೆಸುವಾಗ ನಳಿಗೆ ಮೂಟೆಗೆ ತಾಗಿದರೆ ಹವಾಲ್ದಾರರು ಹಿಂದಿನಿಂದ ಕೂಗುತ್ತಿದ್ದರು.

ಇಲ್ಲಿ ಎರಡು ವಿಷಯ ಕಲಸಿಹೋಗಿವೆ ಅನಿಸುತ್ತದೆ. ಗ್ರೂಪ್, ಅಂದರೆ ತೂತುಗಳ ಗುಂಪು, ದೊಡ್ಡದಾಗುವುದು ಬೇರೆ, ಗ್ರೂಪ್ ಬೀಳುವ ಜಾಗ ಬದಲಾಗುವುದು ಬೇರೆ. ಬೈಪಾಡ್ ಹಾಕಿದಾಗ ಭಾವನ ಗುಂಡುಗಳು ಒಟ್ಟಿಗೇ ಮೇಲೆ ಬೀಳುತ್ತಿವೆಯಾ, ಅಥವಾ ಚದುರುತ್ತಿವೆಯಾ? ನಿಧಾನಕ್ಕೆ ಹೊಡೆದಾಗ ಒಟ್ಟಿಗೇ ಬೀಳುತ್ತಿದ್ದರೆ ಬೈಪಾಡ್ ಗ್ರೂಪನ್ನು ಕೆಡಿಸಿಲ್ಲ, ಜಾಗ ಬದಲಿಸಿದೆ ಅಷ್ಟೇ. ಸ್ಕೋಪ್ ತಿರುಗಿಸಿ ಬೈಪಾಡ್ ಮೇಲೆಯೇ ಮತ್ತೆ ಜೀರೋ ಮಾಡಿದರೆ ಸರಿಯಾಗುತ್ತದೆ. ತೊಂದರೆ ಬರುವುದು ಒಮ್ಮೆ ಬೈಪಾಡ್, ಒಮ್ಮೆ ಚೀಲ, ಒಮ್ಮೆ ಕೈ ಅಂತ ಬದಲಿಸುತ್ತಾ ಇದ್ದರೆ.

ಕಾಪು ಬೀಚ್

ಭಾವನಿಗೆ ಫೋನ್ ಮಾಡಿ ಕೇಳಿದೆ. ನಿಧಾನಕ್ಕೆ ಹೊಡೆದರೆ ಒಟ್ಟಿಗೇ ಬೀಳುತ್ತವಂತೆ, ಮೇಲೆ ಅಷ್ಟೇ. ಚೀಲದ ಮೇಲಿಟ್ಟು ಹೊಡೆದದ್ದಕ್ಕಿಂತ ಗ್ರೂಪ್ ಒಂಚೂರು ದೊಡ್ಡದು, ಅಷ್ಟೇನೂ ಇಲ್ಲ. ಬೇಗ ಹೊಡೆದಾಗ ಮಾತ್ರ ಆ ಮೇಲೆ ಕೆಳಗಿನ ಸಾಲು. ಮತ್ತೆ ಅವರು ಹೇಳಿದ್ದು, ಭುಜದಿಂದ ಮುಂದಕ್ಕೆ ಒತ್ತಿ ಹಿಡಿದರೆ ಇನ್ನೂ ಮೇಲೆ ಹೋಗುತ್ತದಂತೆ.

ಸುರತ್ಕಲ್ ಮೆಕ್ಯಾನಿಕಲ್

ಅದೇ ನೋಡಿ ಉತ್ತರ. ಒತ್ತಿದಷ್ಟೂ ಮೇಲೆ. ನನ್ನ ಲೆಕ್ಕದ ನಳಿಗೆಯಲ್ಲಿ 2 ಕಿಲೋಗೆ 20 ಸೆಂ.ಮೀ. ಆದರೆ 200 ಗ್ರಾಂಗೆ 2 ಸೆಂ.ಮೀ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಕೆನ್ನೆ, ಭುಜ, ಕೈ ಸೇರಿ 200 ಗ್ರಾಂ ಆಚೀಚೆ ಆಗುವುದು ಏನು ದೊಡ್ಡ ವಿಷಯ?

ಇಲ್ಲೇ ಸೆಮಿ ಆಟೋದ ಗುಣ ಬರುವುದು. ಕುಂದಾಪ್ರ ಗಾಳಿ ಹೇಳಿದ ಬೋಲ್ಟ್ ಕುಲುಕಾಟ ಗುಂಡು ನಳಿಗೆಯಲ್ಲಿ ಇರುವಾಗ ಆಗುವುದಲ್ಲ. ಗುಂಡು ಒಳಗೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಅದು ನಳಿಗೆಯ ಗ್ಯಾಸ್ ತೂತು ದಾಟಿದ ಮೇಲಷ್ಟೇ ಬೋಲ್ಟನ್ನು ತಳ್ಳುವ ಗ್ಯಾಸ್ ಹಿಂದಕ್ಕೆ ಹೋಗುವುದು, ಬೋಲ್ಟ್ ಬಿಚ್ಚಿಕೊಳ್ಳುವ ಹೊತ್ತಿಗೆ ಗುಂಡು ಹೊರಗೆ ಹೋಗಿ ಆಗಿರುತ್ತದೆ. ಆದರೆ ಆಮೇಲೆ ಬೋಲ್ಟ್ ಹಿಂದೆ ಹೋಗಿ ಬಡಿದು, ಮುಂದೆ ಬಂದು ಬಡಿದಾಗ ಇಡೀ ರೈಫಲ್ ಕಾಲಿನ ಮೇಲೆ ಹಿಂದೆ ಮುಂದೆ ಜಗ್ಗುತ್ತದೆ. ಕಾಲು ಒಂದು ಇಂಚು ಹಿಂದೆ ಜಾರುತ್ತದೆ, ಒತ್ತಡ ಬದಲಾಗುತ್ತದೆ. ಬೋಲ್ಟ್ ಆಕ್ಷನ್‌ನವನು ಪ್ರತಿ ಗುಂಡಿಗೆ ಕೈ ತೆಗೆದು ಬೋಲ್ಟ್ ಎಳೆದು ಮತ್ತೆ ಮೈ ಸರಿ ಮಾಡಿಕೊಳ್ಳುತ್ತಾನೆ. ಸೆಮಿ ಆಟೋದವನಿಗೆ ಅಷ್ಟು ತಾಳ್ಮೆ ಇಲ್ಲ, ಟ್ರಿಗರ್ ತಯಾರಾಗಿ ಕಾಯುತ್ತಿರುತ್ತದೆ, ಒತ್ತಿಬಿಡುತ್ತಾನೆ. ಪ್ರತಿ ಗುಂಡಿಗೂ ಬೇರೆ ಒತ್ತಡ, ಪ್ರತಿ ಒತ್ತಡಕ್ಕೂ ಬೇರೆ ಎತ್ತರ. ಮೇಲೆ ಕೆಳಗಿನ ಸಾಲು ಅಲ್ಲಿಂದಲೇ ಬಂದದ್ದು ಅಂತ ನನ್ನ ಅಂದಾಜು. ತೆಳು ನಳಿಗೆ ಬಿಸಿಯಾದರೂ ಗುರಿ ಸರಿಯುತ್ತದೆ, ಅದನ್ನು ಬೇರೆ ಮಾಡಿ ನೋಡಬೇಕು: ಬಿಸಿ ನಳಿಗೆಯಲ್ಲೇ, ಪ್ರತಿ ಗುಂಡಿಗೂ ಮೈ ಸರಿ ಮಾಡಿಕೊಂಡು ಹೊಡೆಯಲಿ. ಸಾಲು ಹೋದರೆ ಒತ್ತಡದ್ದೇ ಕಾರಣ.

ಕಂಪನ ಅಂತಲೂ ಒಂದು ಉಂಟು. ಗುಂಡು ಹೊರಟಾಗ ನಳಿಗೆ ಕಂಪಿಸುತ್ತದೆ, ಅದಕ್ಕೆ ಭಾರ ಕಟ್ಟಿದರೆ ಕಂಪನದ ರೀತಿ ಬದಲಾಗುತ್ತದೆ. ಕಚ್ಚಿಸುವ ಜಾಗ ಪ್ರತಿ ಸಲ ಒಂಚೂರು ಆಚೀಚೆ ಆದರೆ ಅದೂ ಬೇರೆ. ಆದರೆ ಭಾವನ ಕೇಸಿನಲ್ಲಿ ಬಾಗುವುದೇ ದೊಡ್ಡದು, ಕಂಪನಕ್ಕೆ ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ.

ಕುಂದಾಪ್ರ ಗಾಳಿ

ಸರಿ ಸರಿ, ಬೋಲ್ಟ್ ವಿಷಯ ಬಿಟ್ಟೆ. ಆದರೆ ಒಂದು ಪ್ರಶ್ನೆ ಉಳಿಯಿತು. ಇದು ಇಷ್ಟು ದೊಡ್ಡ ತೊಂದರೆ ಆಗಿದ್ದರೆ ಸೈನ್ಯದವರಿಗೆ ಗೊತ್ತಾಗಲಿಲ್ಲವಾ ಇಷ್ಟು ವರ್ಷ? ಅಮೆರಿಕದವರು ಎಂ16ಗೆ, ಅಂದರೆ ಎಆರ್-15ರ ಸೈನ್ಯದ ರೂಪಕ್ಕೆ, ಕೊಟ್ಟದ್ದು ಇದೇ ಕ್ಲಿಪ್ ಬೈಪಾಡ್ ಅಲ್ವಾ, ಎಂ3 ಅಂತ?

ಸುರತ್ಕಲ್ ಮೆಕ್ಯಾನಿಕಲ್

ಹೌದು, ಭಾವ ತಂದದ್ದು ಅದರದ್ದೇ ನಕಲು ಇರಬೇಕು. ಒಳ್ಳೆ ಪ್ರಶ್ನೆ ಇದು. ನಾನೂ ಕಾಗದ ಪೆನ್ನು ಹಿಡಿದು ಕೂತೆ, ಉತ್ತರ ಮಜಾ ಉಂಟು.

ಹಳೆ ಎಂ16ನಲ್ಲಿ ಸ್ಕೋಪ್ ಇಲ್ಲ, ಕಬ್ಬಿಣದ ಸೈಟ್. ಹಿಂದಿನ ಸೈಟ್ ರಿಸೀವರಿನ ಮೇಲೆ, ಮುಂದಿನ ಸೈಟ್ ನಳಿಗೆಯ ಮೇಲೆ. ಬೈಪಾಡ್ ಕಚ್ಚುವುದು ಆ ಮುಂದಿನ ಸೈಟಿನ ಬುಡದಲ್ಲೇ. ನಳಿಗೆ ಮೇಲಕ್ಕೆ ಬಾಗಿದರೆ ಮುಂದಿನ ಸೈಟೂ ಜೊತೆಗೆ ಏಳುತ್ತದೆ. ಸೈಟ್ ಎದ್ದರೆ ಹೊಡೆಯುವವನು ಗೊತ್ತಿಲ್ಲದೆಯೇ ಅದನ್ನು ಟಾರ್ಗೆಟ್‌ಗೆ ತರಲು ರೈಫಲನ್ನು ಸ್ವಲ್ಪ ತಗ್ಗಿಸುತ್ತಾನೆ. ನನ್ನ ಅಳತೆಯಲ್ಲೇ ಲೆಕ್ಕ ಹಾಕಿದರೆ, ಸೈಟ್ ಸುಮಾರು 0.45 ಮಿ.ಮೀ. ಏಳುತ್ತದೆ, ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಇದ್ದರೆ 0.9 ಮಿಲಿರೇಡಿಯನ್ ವಾಪಸ್ ಬಂತು. ಅಂದರೆ ತಪ್ಪಿನಲ್ಲಿ ಹತ್ತಿರ ಹತ್ತಿರ ಅರ್ಧ ತಾನಾಗಿ ಸರಿಯಾಯಿತು.

ಸ್ಕೋಪ್ ಹಾಕಿದರೆ ಈ ಸಹಾಯ ಇಲ್ಲ. ಸ್ಕೋಪ್ ರಿಸೀವರಿನ ಮೇಲೆ ಕೂತು ಏನೂ ಆಗದ ಹಾಗೆ ನೋಡುತ್ತಿರುತ್ತದೆ, ಮುಂದೆ ನಳಿಗೆ ಬೇರೆ ಕಡೆ ಮುಖ ಮಾಡಿರುತ್ತದೆ. ಅದೇ ಬೈಪಾಡ್, ಅದೇ ನಳಿಗೆ, ಸೈಟ್ ಬದಲಾದದ್ದಕ್ಕೆ ತೊಂದರೆ ಎರಡು ಪಟ್ಟು. ಸುಬೇದಾರ್ ಸರ್ ಹೇಳುವುದೂ ನಿಜ, ಭಾವ ನೋಡುತ್ತಿರುವುದೂ ನಿಜ.

ನಿವೃತ್ತ ಸುಬೇದಾರ್, ಕಾರ್ಕಳ

ಇದು ನನಗೆ ಹೊಸತು. ಲೆಕ್ಕ ನೀವು ಮಾಡಿ, ನಾನು ಒಪ್ಪುತ್ತೇನೆ.

ಇನ್ನೊಂದು ಹೇಳುತ್ತೇನೆ. ಎಲ್‌ಎಂಜಿ ಅಂದರೆ ನಮ್ಮ ಕಾಲದಲ್ಲಿ ಬ್ರೆನ್, ಅದನ್ನೇ 7.62ಗೆ ಮಾಡಿದ್ದು. ಅದರ ಕಾಲು ಇರುವುದು ಗ್ಯಾಸ್ ಸಿಲಿಂಡರಿನ ತುದಿಯಲ್ಲಿ, ನಳಿಗೆಯಲ್ಲಿ ಅಲ್ಲ. ನಳಿಗೆ ಬಿಸಿಯಾದರೆ ಹಿಡಿ ಹಿಡಿದು ಎತ್ತಿ ಬೇರೆ ಹಾಕಬೇಕು, ಕಾಲು ನಳಿಗೆಗೇ ಇದ್ದರೆ ಗನ್ನು ಮೂತಿ ಅಡಿ ಮಾಡಿ ಬೀಳುತ್ತಿತ್ತು. ಎಷ್ಟು ನಿಖರ ಅಂದರೆ, ಒಂದೊಂದೇ ಗುಂಡು ಬಿಟ್ಟರೆ ರೈಫಲಿನ ಹಾಗೆ ಹೊಡೆಯಬಹುದಿತ್ತು. ಆಗ ಯಾಕೆ ಅಂತ ಯಾರೂ ಕೇಳಲಿಲ್ಲ.

ಅಮೆರಿಕದವರ ಬಿಎಆರ್‌ಗೆ (ಬ್ರೌನಿಂಗ್ ಆಟೋಮ್ಯಾಟಿಕ್ ರೈಫಲ್) ನಳಿಗೆಯ ಮೂತಿಯಲ್ಲೇ ಬೈಪಾಡ್ ಇತ್ತು. ಯುದ್ಧದಲ್ಲಿ ಎಷ್ಟೋ ಮಂದಿ ಅದನ್ನು ಕಳಚಿ ಬಿಸಾಡುತ್ತಿದ್ದರು. ಗುರಿಯ ವಿಷಯಕ್ಕಲ್ಲ, ಭಾರಕ್ಕೆ!

ಮಣಿಪಾಲ ನೈಟ್ ಶಿಫ್ಟ್

ಎಲ್ಲರೂ ಲೆಕ್ಕ ಹಾಕುತ್ತಿದ್ದೀರಿ, ಕೋವಿ ತಯಾರಿಸುವವರೇ ಉತ್ತರ ಕೊಟ್ಟಿದ್ದಾರೆ. ಇಸ್ರೇಲಿನ ಗಲೀಲ್ ನೋಡಿ. ಅದರ ಎಆರ್‌ಎಂ ಮಾದರಿಗೆ ಬೈಪಾಡ್ ಇರುವುದು ಮುಂದೆ ಗ್ಯಾಸ್ ಬ್ಲಾಕ್‌ನಲ್ಲಿ (ಗ್ಯಾಸ್ ತೂತಿನ ಮೇಲೆ ಕೂತ ತುಂಡು). ಗ್ಯಾಸ್ ಬ್ಲಾಕ್ ನಳಿಗೆಗೆ ಪಿನ್ ಹೊಡೆದು ಕೂರಿಸಿದ್ದು, ಹಾಗಾಗಿ ನಳಿಗೆಗೇ ಹಾಕಿದ ಹಾಗೆ. ಅದರಲ್ಲಿ ತಂತಿ ಕತ್ತರಿಸಬಹುದು, ಬಾಟಲಿ ಮುಚ್ಚಳ ತೆಗೆಯುವ ವ್ಯವಸ್ಥೆ ಕೂಡ ರೈಫಲಿನಲ್ಲೇ ಉಂಟು. ಯಾಕೆಂದರೆ ಸೈನಿಕರು ಮ್ಯಾಗಜಿನ್ ಬಾಯಲ್ಲಿ ಸೋಡಾ ಬಾಟಲಿ ತೆಗೆದು ಮ್ಯಾಗಜಿನ್ ಹಾಳು ಮಾಡುತ್ತಿದ್ದರು.

ಅದೇ ಗಲೀಲನ್ನು ಸ್ನೈಪರ್ ರೈಫಲ್ ಮಾಡುವಾಗ, ಗಲಾಟ್ಸ್ ಅಂತಾರೆ, ಸೆಮಿ ಆಟೋನೇ, 7.62, ಬೈಪಾಡನ್ನು ಹಿಂದೆ ತಂದು ರಿಸೀವರಿನ ಮುಂಭಾಗಕ್ಕೆ ಹಾಕಿದರು. ಬಾಟಲಿ ತೆಗೆಯುವ ಕೆಲಸ ಇದ್ದದ್ದಕ್ಕೆ ಮುಂದೆ, ದೂರದ ಗುರಿಗೆ ಹಿಂದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಹತ್ತು ಮೀಟರ್

ಮಣಿಪಾಲದವರೇ 👏 ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಯಲ್ಲೂ ಇದೇ ಕಥೆ. ಅಲ್ಲಿ ಬೈಪಾಡ್ ಇಲ್ಲ, ಸ್ಲಿಂಗ್. ಸ್ಲಿಂಗ್ ಬಿಗಿಯಾಗಿ ಎಳೆದರೆ ನಳಿಗೆ ಕೆಳಕ್ಕೆ ಬಾಗಿ ಗುಂಡು ಕೆಳಗೆ. ಅದಕ್ಕೆ ಹೊರಗಿನಿಂದ ಮಾಮೂಲಿ ಹ್ಯಾಂಡ್‌ಗಾರ್ಡ್ ಕಾಣುವ ಹಾಗೆ ಇಟ್ಟು ಒಳಗೆ ಒಂದು ಟ್ಯೂಬ್ ಅಡಗಿಸುತ್ತಾರೆ. ಸ್ಲಿಂಗ್ ಎಳೆದದ್ದೆಲ್ಲ ಟ್ಯೂಬಿಗೆ, ಟ್ಯೂಬಿನಿಂದ ರಿಸೀವರಿಗೆ. ನಳಿಗೆಗೆ ತಾಗುವುದೇ ಇಲ್ಲ. ಫ್ರೀ ಫ್ಲೋಟ್ ಅನ್ನುವುದು ಇದಕ್ಕೇ.

ಸುರತ್ಕಲ್ ಮೆಕ್ಯಾನಿಕಲ್

ಕಾಪು ಬೀಚ್, ತೋಟೆ ಖರ್ಚು ಮಾಡದೆ ನೋಡುವ ಒಂದು ದಾರಿ ಹೇಳುತ್ತೇನೆ. ನಳಿಗೆಯ ಬಾಯಿಗೆ ಸಿಕ್ಕಿಸುವ ಲೇಸರ್ ಬರುತ್ತದೆ, ಸ್ಕೋಪ್ ಹೊಂದಿಸಲಿಕ್ಕೆ ಬಳಸುವುದು. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ, ಬೋಲ್ಟ್ ಹಿಂದೆ ಲಾಕ್ ಮಾಡಿ ಲೇಸರ್ ಸಿಕ್ಕಿಸಲಿ. ರೈಫಲ್ ಬೈಪಾಡ್ ಮೇಲೆ, ಹಿಂಬದಿಗೆ ಚೀಲ. 25 ಮೀಟರ್ ದೂರದ ಗೋಡೆಯಲ್ಲಿ ಒಂದು ಗುರುತಿಗೆ ಸ್ಕೋಪ್ ಇಟ್ಟು ಲೇಸರ್ ಚುಕ್ಕೆ ಎಲ್ಲಿದೆ ನೋಡಲಿ. ಆಮೇಲೆ ಸ್ಕೋಪ್ ಅದೇ ಗುರುತಿನಲ್ಲಿರುವಂತೆ ನೋಡಿಕೊಂಡು ಭುಜದಿಂದ ಒತ್ತಲಿ, ಸಡಿಲಿಸಲಿ. ನನ್ನ ಲೆಕ್ಕದ ನಳಿಗೆ ಆದರೆ 2 ಕಿಲೋಗೆ 5 ಸೆಂ.ಮೀ. ಸರಿಯಬೇಕು. ಅವರದ್ದು ಕಡಿಮೆ ಇರಬಹುದು, ಆದರೆ ಕಾಣುತ್ತದೆ.

ಮುಗಿದ ಮೇಲೆ ಲೇಸರ್ ತೆಗೆಯಲಿಕ್ಕೆ ಮರೆಯಬಾರದು, ಬಾಯಲ್ಲಿ ಅದು ಇರುವಾಗ ಗುಂಡು ಹೊಡೆದರೆ ನಳಿಗೆ ಸಿಡಿದೀತು. ಇದನ್ನು ಭಾವನಿಗೆ ಎರಡು ಸಲ ಹೇಳಿ.

ಕಾಪು ಬೀಚ್

ಮಾಡಿ ನೋಡಿದರು, ವಿಡಿಯೋ ಕಾಲ್‌ನಲ್ಲಿ ನಾನೂ ನೋಡಿದೆ. ಗ್ಯಾರೇಜಿನಿಂದ ರಸ್ತೆಯಾಚೆ ತಮ್ಮದೇ ಶೆಡ್ಡಿನ ಗೋಡೆಗೆ ಬಿಟ್ಟದ್ದು. ಭುಜ ಒತ್ತಿದ ಕೂಡಲೇ ಕೆಂಪು ಚುಕ್ಕೆ ಮೆಲ್ಲ ಮೇಲೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಭಾವ ಸ್ಕೋಪಿನಲ್ಲಿ ಕಣ್ಣಿಟ್ಟು "ನಾನು ಅಲುಗಾಡಿಸಿಲ್ಲ, ಅಡ್ಡಗೆರೆ ಅಲ್ಲೇ ಉಂಟು" ಅಂತ ಹೇಳುತ್ತಲೇ ಇದ್ದರು, ಚುಕ್ಕೆ ಮಾತ್ರ ಏರುತ್ತಾ ಇಳಿಯುತ್ತಾ. ಆಮೇಲೆ ಬೈಪಾಡ್ ತೆಗೆದು ಹ್ಯಾಂಡ್‌ಗಾರ್ಡಿನ ಬುಡಕ್ಕೆ, ರಿಸೀವರ್ ಹತ್ತಿರ, ಚೀಲ ಕೊಟ್ಟು ಒತ್ತಿದರು. ಚುಕ್ಕೆ ಹೆಚ್ಚುಕಡಿಮೆ ನಿಂತಲ್ಲೇ. ತೋಟೆಗೆ ಬೈಯುವುದು ನಿಂತಿದೆ.

ಈಗ ಅವರಿಗೆ ಹೊಸ ಹ್ಯಾಂಡ್‌ಗಾರ್ಡ್ ತಗೊಳ್ಳುವ ಹುಮ್ಮಸ್ಸು. ಎರಡು ತುಂಡಿನದ್ದು ಅಗ್ಗಕ್ಕೆ ಉಂಟಂತೆ, ಹಳೆಯದನ್ನು ತೆಗೆದು ಅದೇ ಜಾಗಕ್ಕೆ ಕೂರಿಸಿದರೆ ಆಯಿತಂತೆ, ಕೆಳಗೆ ರೈಲ್ ಉಂಟು, ಅದಕ್ಕೆ ಬೈಪಾಡ್ ಹಾಕಬಹುದಂತೆ. ತಗೊಳ್ಳಬಹುದಾ?

ಹತ್ತು ಮೀಟರ್

ನಿಲ್ಲಲಿಕ್ಕೆ ಹೇಳಿ! ಹಳೆಯದರ ಜಾಗಕ್ಕೇ ಕೂರುವ ಎರಡು ತುಂಡಿನದ್ದರಲ್ಲಿ ಹೆಚ್ಚಿನವು ಫ್ರೀ ಫ್ಲೋಟ್ ಅಲ್ಲ. ಹಿಂದೆ ರಿಂಗಿಗೆ, ಮುಂದೆ ಸೈಟಿನ ಹಿಂದಿರುವ ತಗಡಿನ ಕ್ಯಾಪಿಗೆ ಸಿಕ್ಕಿಕೊಳ್ಳುತ್ತವೆ. ಆ ಕ್ಯಾಪ್ ಕೂತಿರುವುದು ನಳಿಗೆಯ ಮೇಲೆ. ಬೈಪಾಡ್ ರೈಲಿಗೆ ಹಾಕಿದರೂ ಒತ್ತಡ ಸುತ್ತಿ ಬಳಸಿ ನಳಿಗೆಗೇ ಹೋಗುತ್ತದೆ. ದುಡ್ಡು ಕೊಟ್ಟು ಅದೇ ತೊಂದರೆ ಮತ್ತೆ ತಂದ ಹಾಗೆ.

ಬೇಕಾದದ್ದು ಹಿಂದೆ ಬ್ಯಾರೆಲ್ ನಟ್ಟಿಗೆ (ನಳಿಗೆಯನ್ನು ರಿಸೀವರಿಗೆ ಬಿಗಿಯುವ ನಟ್) ಮಾತ್ರ ಬಿಗಿದುಕೊಂಡು ಮುಂದೆ ಎಲ್ಲೂ ತಾಗದೆ ನಿಲ್ಲುವಂಥದ್ದು. ಅದಕ್ಕೆ ಸಾಮಾನ್ಯವಾಗಿ ನಟ್ಟೇ ಬದಲಾಯಿಸಬೇಕು, ಮುಂದಿನ ಸೈಟಿನ ಪಿನ್ ತಟ್ಟಿ ತೆಗೆದು ಗ್ಯಾಸ್ ಟ್ಯೂಬ್ ಬಿಚ್ಚಬೇಕು. ಕೆಲಸ ಗೊತ್ತಿರುವ ಗನ್‌ಸ್ಮಿತ್ ಹತ್ತಿರ ಮಾಡಿಸಲಿ.

ನಿವೃತ್ತ ಸುಬೇದಾರ್, ಕಾರ್ಕಳ

ಅಷ್ಟು ಖರ್ಚು ಬೇಡ ಅಂದರೆ ಹಳೆ ಬೈಪಾಡೇ ಇರಲಿ. ಪ್ರತಿ ಸಲ ಒಂದೇ ಜಾಗಕ್ಕೆ ಕಚ್ಚಿಸಲಿ, ನಳಿಗೆಗೆ ಪೆನ್ನಿನಲ್ಲಿ ಗುರುತು ಹಾಕಿಕೊಂಡರಾಯಿತು. ಅದರ ಮೇಲೆಯೇ ಜೀರೋ ಮಾಡಲಿ, ಮುಂದಕ್ಕೆ ಒತ್ತುವುದು ಬಿಟ್ಟು ರೈಫಲನ್ನು ಅದರ ಭಾರಕ್ಕೇ ಕೂರಲು ಬಿಡಲಿ. ಸಿಮೆಂಟ್ ನೆಲದಲ್ಲಿ ಕಾಲು ಕುಣಿಯುತ್ತದೆ, ಅಡಿಗೆ ಒಂದು ಹಳೆ ಮ್ಯಾಟ್ ಹಾಕಲಿ. ಒಂದು ಗುಂಡು, ಉಸಿರು, ಮೈ ಸರಿ, ಮತ್ತೊಂದು ಗುಂಡು. ಚೀಲದ ಮೇಲಿಟ್ಟು ಹೊಡೆಯುವ ದಿನಕ್ಕೆ ಸ್ಕೋಪ್ ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಬರೆದು ಸ್ಟಾಕಿಗೆ ಅಂಟಿಸಿಕೊಳ್ಳಲಿ.

ಕಾಪು ಬೀಚ್

ಎರಡನ್ನೂ ಕಳಿಸಿದ್ದೇನೆ ಸರ್. ಗನ್‌ಸ್ಮಿತ್ ಎಷ್ಟು ಕೇಳುತ್ತಾನೆ ಅಂತ ವಿಚಾರಿಸಿ ನಿರ್ಧಾರ ಮಾಡುತ್ತಾರಂತೆ. ಅಕ್ಕನ ಪ್ರಕಾರ ಪೆನ್ನಿನ ಗುರುತೇ ಸಾಕು.